ಕಾರಿನ ಕಪ್ಪು ಪಟ್ಟಿಗೆ ಹೊಳಪು ಬಂದದ್ದು ಹೀಗೆ

ಕಾರಿನ ಮುಂದಿನ ಬಾಗಿಲೂ ಹಿಂದಿನ ಬಾಗಿಲೂ ಸೇರುವ ಕಡೆ, ಗಾಜುಗಳ ನಡುವೆ, ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದು ಬಿ ಪಿಲ್ಲರ್ ಅನ್ನೋ ಕಂಬದ ಹೊದಿಕೆ. ನಮ್ಮ ಕಾರು ಹೊಸದಿದ್ದಾಗ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಮೂರು ವರ್ಷಕ್ಕೆ ಅದು ಹಳೇ ಸ್ಲೇಟಿನ ಹಾಗಾಯಿತು. ಬಿಸಿಲು ಬಿದ್ದರೆ ಸಾಕು, ಮೇಲೆಲ್ಲ ಜೇಡರ ಬಲೆಯಂಥ ಸಣ್ಣ ಗೀರು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗ್ಗೆ ಐದೂವರೆಗೆ ಒಬ್ಬರು ಬಂದು ಇಪ್ಪತ್ತು ಕಾರು ಒರೆಸುತ್ತಾರೆ. ಒಂದೇ ಬಕೆಟ್, ಒಂದೇ ಬಟ್ಟೆ. ಹಿಂದಿನ ಕಾರಿನ ಮಣ್ಣು ಬಟ್ಟೆಯಲ್ಲೇ ಇರುತ್ತದೆ. ಬಣ್ಣದ ಮೇಲಿನ ಗೀರು ಬಿಳಿ ಕಾರಿನಲ್ಲಿ ಅಷ್ಟಾಗಿ ಕಾಣದು, ಕಪ್ಪು ಪ್ಲಾಸ್ಟಿಕ್ ಮಾತ್ರ ಒಂದನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಾರು ತೊಳೆಯುವವರಿಗೆ ತೋರಿಸಿದೆ. "ದಿನಾ ಒರೆಸ್ತೀನಲ್ಲ ಸಾರ್, ಆದ್ರೂ ಯಾಕೆ ಹೀಗಾಯ್ತು?" ಅಂದರು. ದಿನಾ ಒರೆಸಿದ್ದಕ್ಕೇ ಆಯ್ತು ಅಂತ ಹೇಳಲು ನಾಲಿಗೆ ಬರಲಿಲ್ಲ.

ಮೊದಲ ಸಲ ನಾನು ಮಾಡಿದ್ದು ಶುದ್ಧ ಪೆದ್ದುತನ. ಸ್ಪೇರ್ ಅಂಗಡಿಯಿಂದ ರಬ್ಬಿಂಗ್ ಕಾಂಪೌಂಡ್ ಅನ್ನೋ ಗೀರು ತೆಗೆಯುವ ಪೇಸ್ಟ್ ತಂದು, ಹಳೇ ಬನಿಯನ್‌ಗೆ ಹಚ್ಚಿ ಬಲವಾಗಿ ಉಜ್ಜಿದೆ. ಗೀರುಗಳೇನೋ ಹೋದವು. ಅವುಗಳ ಜಾಗದಲ್ಲಿ ಕನ್ನಡಿಗೆ ಉಸಿರು ಬಿಟ್ಟಂಥ ಮಂಕು ಬಂತು. ಕಾಂಪೌಂಡಿನ ಪುಡಿ ಒರಟು. ಮೆತ್ತಗಿನ ಪ್ಲಾಸ್ಟಿಕ್ ಮೇಲೆ ಅದೇ ಸಾವಿರ ಸಣ್ಣ ಗೀರು ಎಳೆಯುತ್ತದೆ.

ಎರಡನೇ ಸಲ ಕೈ ಹಾಕುವ ಮೊದಲು ಕಾರನ್ನು ಸರಿಯಾಗಿ ನೋಡಿದೆ. ಕಪ್ಪಗೆ ಹೊಳೆಯೋದೆಲ್ಲ ಪ್ಲಾಸ್ಟಿಕ್ ಅಲ್ಲ. ನಮ್ಮ ಕಾರಿನಲ್ಲಿ ಪಿಲ್ಲರ್ ಮೇಲಿರುವುದು ಗಟ್ಟಿ ಪ್ಲಾಸ್ಟಿಕ್. ಕಿಟಕಿ ಚೌಕಟ್ಟಿಗೆ ಇರುವುದು ಬರೀ ಅಂಟಿಸಿದ ಕಪ್ಪು ಸ್ಟಿಕ್ಕರ್. ಅಂಚಿನಲ್ಲಿ ಉಗುರು ಆಡಿಸಿದರೆ ಪದರ ಸಿಗುತ್ತದೆ. ಅದನ್ನು ಪಾಲಿಶ್ ಮಾಡಲು ಹೋದರೆ ಅಂಚು ಎದ್ದು ಬರುತ್ತದೆ, ಹಾಳಾದರೆ ಬದಲಿಸುವುದೇ ದಾರಿ. ಪ್ಲಾಸ್ಟಿಕ್‌ನಲ್ಲೂ ಎರಡು ಬಗೆ: ಮೇಲೆ ಕ್ಲಿಯರ್ ಕೋಟ್ ಅನ್ನೋ ಬಣ್ಣವಿಲ್ಲದ ಪದರ ಹೊಡೆದದ್ದು, ಏನೂ ಇಲ್ಲದೆ ಬರಿ ಮೈಯಲ್ಲಿರುವುದು. ಪಾಲಿಶ್ ಮಾಡಿದ ಬಟ್ಟೆಗೆ ಕಪ್ಪು ಹತ್ತಿದರೆ ಅದು ಬರಿ ಮೈ ಅಂತ ಅರ್ಥ. ನಮ್ಮದಕ್ಕೆ ಸ್ವಲ್ಪ ಹತ್ತಿತು.

ಭಾನುವಾರ ಬೆಳಗ್ಗೆ, ಬೇಸ್‌ಮೆಂಟಿನ ನೆರಳಿನಲ್ಲಿ ಶುರು ಮಾಡಿದೆ. ಬಿಸಿಲಿನಲ್ಲಿ ಕಾದ ಪ್ಲಾಸ್ಟಿಕ್ ಮೇಲೆ ಪಾಲಿಶ್ ಅಲ್ಲೇ ಒಣಗಿ ಹಿಡಿದುಕೊಳ್ಳುತ್ತದೆ. ಮೊದಲು ಧಾರಾಳವಾಗಿ ನೀರು, ಆಮೇಲೆ ಕಾರ್ ಶಾಂಪೂ, ಕೊನೆಗೆ ಕ್ಯಾನ್ ನೀರು. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಸುಣ್ಣದ ಬಿಳಿ ಉಂಗುರ ಬಿಡುತ್ತದೆ. ಸ್ಪಿರಿಟ್ ಹಾಕಿ ಒರೆಸಿ ಅಂತ ಒಬ್ಬರು ಹೇಳಿದ್ದರು. ನಾನು ಹಾಕಲಿಲ್ಲ. ಕೆಲವು ಅಕ್ರಿಲಿಕ್ ಪ್ಲಾಸ್ಟಿಕ್‌ಗೆ ಸ್ಪಿರಿಟ್ ತಾಗಿದರೆ ಕೂದಲೆಳೆಯಂಥ ಬಿರುಕು ಬರುತ್ತದೆ.

ರಬ್ಬರ್ ಬೀಡಿಂಗಿಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ಹತ್ತು ನಿಮಿಷದ ಬೇಸರದ ಕೆಲಸ, ಆದರೆ ಪಾಲಿಶ್ ಒಮ್ಮೆ ರಬ್ಬರಿಗೆ ಸೇರಿ ಬೆಳ್ಳಗಾದರೆ ಹಳೇ ಟೂತ್‌ಬ್ರಷ್ ಹಿಡಿದು ಅರ್ಧ ಗಂಟೆ ಕೂರಬೇಕು.

ಈ ಸಲ ಫಿನಿಶಿಂಗ್ ಪಾಲಿಶ್ ತಂದಿದ್ದೆ, ಇದ್ದುದರಲ್ಲಿ ಅತಿ ನಯವಾದದ್ದು. ಮೆತ್ತನೆಯ ಸ್ಪಂಜಿನ ಪ್ಯಾಡ್ ಮೇಲೆ ಕಡಲೆಕಾಳಿನಷ್ಟು. ಮೊದಲು ಪಟ್ಟಿಯ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಮಾತ್ರ ಉಜ್ಜಿದೆ. ಹಗುರವಾಗಿ, ಮೇಲೆ ಕೆಳಗೆ, ಎಂಟು ಸಲ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಆ ಪೊಟ್ಟಣದಷ್ಟು ಜಾಗದಲ್ಲಿ ಬಲೆ ಇರಲಿಲ್ಲ. ಟಾರ್ಚಿನ ಚುಕ್ಕೆ ಚೊಕ್ಕವಾಗಿ ಕಂಡಿತು. ಪಕ್ಕದಲ್ಲೇ ಹಳೇ ಮಂಕು. ಸುಮ್ನೆ ನೋಡುತ್ತಾ ನಿಂತುಬಿಟ್ಟೆ.

ಗೆಳೆಯನಿಂದ ಸಣ್ಣ ಪಾಲಿಶಿಂಗ್ ಮೆಷಿನ್ ತಂದಿದ್ದೆ, ಮೂರು ಇಂಚಿನ ಪ್ಯಾಡಿನದು. ಒಂದು ಪಟ್ಟಿಗೆ ಹಾಕಿ ನೋಡಿದೆ. ಬೇಗ ಆಗುತ್ತದೆ ನಿಜ, ಆದರೆ ತಗಡು ಬಿಸಿಯನ್ನು ಹರಡಿಬಿಡುತ್ತದೆ, ಪ್ಲಾಸ್ಟಿಕ್ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕಡಿಮೆ ವೇಗದಲ್ಲೇ ಇಟ್ಟಿದ್ದರೂ ಮುಂಗೈ ಒತ್ತಿ ನೋಡಿದಾಗ ಕಾಫಿ ಲೋಟದ ಬಿಸಿ. ಅಂಚುಗಳಲ್ಲಂತೂ ಇನ್ನೂ ಜಾಸ್ತಿ. ಮೆಷಿನ್ ಪಕ್ಕಕ್ಕಿಟ್ಟೆ. ಉಳಿದ ಮೂರು ಪಟ್ಟಿಗಳನ್ನೂ ಕೈಯಲ್ಲೇ ಮುಗಿಸಿದೆ. ಒಂದೊಂದಕ್ಕೂ ಅರ್ಧ ಗಂಟೆ, ಆಮೇಲೆ ಎರಡು ದಿನ ಭುಜ ನೋವು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಎರಡಿದ್ದವು. ಅವನ್ನು ಹಾಗೇ ಬಿಟ್ಟೆ. ಅಷ್ಟು ಆಳಕ್ಕೆ ಉಜ್ಜಿದರೆ ಸುತ್ತಲಿನ ಜಾಗ ಹಳ್ಳ ಬೀಳುತ್ತದೆ.

ಪಾಲಿಶ್ ಗೀರು ತೆಗೆಯುತ್ತದೆ, ವ್ಯಾಕ್ಸ್ ಮೇಲೆ ಕೂತು ಕಾಯುತ್ತದೆ. ಎರಡೂ ಒಂದೇ ಅಂದುಕೊಂಡು ಗೀರಿನ ಮೇಲೆ ವ್ಯಾಕ್ಸ್ ಬಳಿಯುವವರೇ ಜಾಸ್ತಿ. ಆಗ ಒಂದೆರಡು ವಾರ ಗೀರು ಮುಚ್ಚಿದಂತೆ ಕಾಣುತ್ತದೆ, ಅಷ್ಟೆ. ನಾನು ಹಾಕಿದ್ದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯುವ ಮೇಣ ಅದು. ಉದ್ದಿನಕಾಳಿನಷ್ಟು ತೆಗೆದು, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಸವರಿದೆ. ಮಬ್ಬು ಕಟ್ಟಿದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದೆ. ಚೊಕ್ಕವಾಗಿ ಬಂತು, ಅಂದರೆ ಒಣಗಿದೆ. ಬೇರೆ ಒಗೆದ ಬಟ್ಟೆಯಲ್ಲಿ ಒರೆಸಿದೆ. ದಪ್ಪ ಹಾಕಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕೆಲಸ ಹೆಚ್ಚುತ್ತದೆ.

ಮಾರನೇ ದಿನ ತೊಳೆಯುವವರಿಗೆ ಎರಡು ಹೊಸ ಮೈಕ್ರೋಫೈಬರ್ ಬಟ್ಟೆ ಕೊಟ್ಟೆ. ಕಪ್ಪು ಪಟ್ಟಿಗೆ ಬರೀ ಒಂದು ಮಗ್ ನೀರು ಹಾಕಿ, ಒತ್ತಿ ತೆಗೀರಿ, ಉಜ್ಜಬೇಡಿ ಅಂದೆ. ಅವರು ಪಟ್ಟಿಯಲ್ಲಿ ತಮ್ಮ ಮುಖ ನೋಡಿ ಮೀಸೆ ಸರಿ ಮಾಡಿಕೊಂಡರು.

ಈಗ ನಾಲ್ಕು ತಿಂಗಳು. ಎರಡು ಸಲ ವ್ಯಾಕ್ಸ್ ಹಾಕಿದ್ದೇನೆ, ಪಾಲಿಶ್ ಮುಟ್ಟಿಲ್ಲ. ಎಡಗಡೆ ಹಿಂಬಾಗಿಲ ಹತ್ತಿರ ಮಾತ್ರ ಸಣ್ಣ ಸಣ್ಣ ಗೀರು ಮತ್ತೆ ಬರುತ್ತಿವೆ, ಮಗಳ ಸ್ಕೂಲ್ ಬ್ಯಾಗಿನ ಜಿಪ್ಪು ತಾಗುವಷ್ಟು ಎತ್ತರದಲ್ಲಿ.