ಬಿಸಿಲಲ್ಲಿ ಕೂತು ಟೈಪ್ ಮಾಡಲು ನಾನು ಕೊನೆಗೆ ಆರಿಸಿದ್ದು

ಮನೆಯೊಳಗೆ ಕೂತರೆ ನನಗೆ ಬರೆಯಲು ಆಗುವುದಿಲ್ಲ. ತಾರಸಿ ಮೇಲೋ, ಮರದ ಕೆಳಗೋ ಕೂತರೆ ಮಾತ್ರ ನಾಲ್ಕು ಸಾಲು ಹೊರಡುತ್ತವೆ. ಕಾಗದದಲ್ಲಿ ಬರೆಯೋಣ ಅಂದರೆ ನನ್ನ ಅಕ್ಷರ ಮರುದಿನ ನನಗೇ ಅರ್ಥವಾಗಲ್ಲ. ಹಾಗಾಗಿ ಹೊರಗಡೆ ಟೈಪ್ ಮಾಡಲು ಕಡಿಮೆ ಖರ್ಚಿನದೊಂದು ಸಾಧನ ಹುಡುಕುತ್ತಾ ಎರಡು ವರ್ಷ ಕಳೆದೆ.

ಮೊದಲು ಇದ್ದ ಹಳೇ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋದೆ. ಪೂರ್ತಿ ಬ್ರೈಟ್‌ನೆಸ್ ಏರಿಸಿದರೂ ಸ್ಕ್ರೀನಿನಲ್ಲಿ ಕಂಡದ್ದು ನನ್ನ ಮುಖ, ಹಿಂದೆ ಆಕಾಶ. ಸಾಮಾನ್ಯ ಲ್ಯಾಪ್‌ಟಾಪ್ ಸ್ಕ್ರೀನಿನ ಬೆಳಕು 250ರಿಂದ 300 ನಿಟ್ಸ್ (ಸ್ಕ್ರೀನ್ ಹೊರಸೂಸುವ ಹೊಳಪಿನ ಅಳತೆ) ಇರುತ್ತದೆ, ಮನೆಯೊಳಗೆ ಅಷ್ಟು ಧಾರಾಳವಾಗಿ ಸಾಕು. ಆದರೆ ಕೋಣೆಯಲ್ಲಿ 300–500 ಲಕ್ಸ್ (ಸುತ್ತ ಬೀಳುವ ಬೆಳಕಿನ ಅಳತೆ) ಬೆಳಕಿದ್ದರೆ ನೇರ ಬಿಸಿಲಿನಲ್ಲಿ ಅದು ಹತ್ತಿರ ಹತ್ತಿರ ಒಂದು ಲಕ್ಷ ಲಕ್ಸ್. ಸೂರ್ಯನ ಜೊತೆ ಪೈಪೋಟಿಗೆ ಬಿದ್ದರೆ ಬ್ಯಾಟರಿ ಖಾಲಿಯಾಗುತ್ತದೆ ಅಷ್ಟೇ. ಆಗಲೇ ಕಲಿತ ಇನ್ನೊಂದು ವಿಷಯ, ಹೊರಗೆ ಡಾರ್ಕ್ ಮೋಡ್ ಹಾಕಲೇಬಾರದು. ಕಪ್ಪು ಹಿನ್ನೆಲೆ ಕನ್ನಡಿಯಾಗಿಬಿಡುತ್ತದೆ. ಬಿಳಿ ಮೇಲೆ ಕಪ್ಪು ಅಕ್ಷರ, ದೊಡ್ಡ ಫಾಂಟ್, ಸ್ಕ್ರೀನಿಗೆ ಬಿಸಿಲು ಬೀಳದ ಹಾಗೆ ನೆರಳಲ್ಲಿ ಕೂರುವುದು: ಇಷ್ಟು ಮಾಡಿದರೆ ಇದ್ದ ಲ್ಯಾಪ್‌ಟಾಪಿನಲ್ಲೇ ಸ್ವಲ್ಪ ಹೊತ್ತು ತಳ್ಳಬಹುದು. ಗ್ಲಾಸಿ ಸ್ಕ್ರೀನಿಗಿಂತ ಮ್ಯಾಟ್ ಸ್ಕ್ರೀನ್ ವಾಸಿ.

ಆಮೇಲೆ ಫೋನಿಗೆ ಮಡಚುವ ಬ್ಲೂಟೂತ್ ಕೀಬೋರ್ಡ್ ತಗೊಂಡೆ. ಬಹಳ ಜನಕ್ಕೆ ಇದೇ ಸಾಕಾಗಬಹುದು, ಫೋನ್ ಹೇಗೂ ಜೇಬಿನಲ್ಲಿ ಇರುತ್ತದಲ್ವಾ, ಬಿಸಿಲಿನಲ್ಲಿ ಅದರ ಸ್ಕ್ರೀನ್ ಲ್ಯಾಪ್‌ಟಾಪಿಗಿಂತ ಚೆನ್ನಾಗಿಯೂ ಕಾಣುತ್ತದೆ. ನನಗೆ ಆದ ತೊಂದರೆ ಎಂದರೆ, ಬಿಸಿಯಾದ ಕೂಡಲೇ ಫೋನ್ ತಾನಾಗೇ ಬೆಳಕು ತಗ್ಗಿಸಿಕೊಳ್ಳುತ್ತಿತ್ತು. ಜೊತೆಗೆ ಆ ಕೀಬೋರ್ಡಿಗೆ ಮೇಜು ಬೇಕು. ತೊಡೆಯ ಮೇಲಿಟ್ಟರೆ ಮಡಿಕೆಯ ಹತ್ತಿರ ಕುಸಿಯುತ್ತದೆ. ಒಂದು ಸಲ ಫೋನನ್ನು ಅಡ್ಡ ತಿರುಗಿಸಿದಾಗ ಸ್ಕ್ರೀನ್ ಪೂರ್ತಿ ಕಪ್ಪಾಯಿತು, ಕೆಟ್ಟೇಹೋಯಿತು ಅಂತ ಎದೆ ಧಸಕ್ಕೆಂದಿತು. ನೋಡಿದರೆ ನಾನು ಹಾಕಿಕೊಂಡಿದ್ದ ಪೋಲರೈಸ್ಡ್ (ಒಂದು ದಿಕ್ಕಿನ ಬೆಳಕನ್ನು ತಡೆಯುವ) ತಂಪು ಕನ್ನಡಕದ ಕಿತಾಪತಿ.

ಸ್ನೇಹಿತರೊಬ್ಬರ ಇ-ಇಂಕ್ (ಕಾಗದದಂತೆ ಕಾಣುವ ಸ್ಕ್ರೀನಿನ) ಟ್ಯಾಬ್ಲೆಟನ್ನು ಒಂದು ವಾರ ಇಟ್ಟುಕೊಂಡಿದ್ದೆ. ಬಿಸಿಲು ಹೆಚ್ಚಾದಷ್ಟೂ ಅಕ್ಷರ ಸ್ಪಷ್ಟ, ಅಚ್ಚು ಹಾಕಿದ ಪುಸ್ತಕದ ಹಾಗೆ. ಆದರೆ ಬೆರಳು ಮುಂದೆ ಓಡಿದರೆ ಅಕ್ಷರ ಹಿಂದಿನಿಂದ ಕುಂಟಿಕೊಂಡು ಬರುತ್ತಿತ್ತು. ಬೆಲೆಯೂ ನನ್ನ ಕೈಗೆ ಎಟುಕುವಂಥದ್ದಲ್ಲ.

ಕೊನೆಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಆಲ್ಫಾಸ್ಮಾರ್ಟ್ ನಿಯೋ. ಶಾಲಾ ಮಕ್ಕಳ ಟೈಪಿಂಗಿಗೆ ಅಂತ ಬಂದ ಯಂತ್ರ. 2013ರಲ್ಲೇ ಇದರ ತಯಾರಿಕೆ ನಿಂತಿದೆ, ಈಗ ಸಿಗುವುದೆಲ್ಲ ಬಳಸಿದ್ದೇ. ಒಂದು ಪೂರ್ಣ ಕೀಬೋರ್ಡ್, ಅದರ ಮೇಲೆ ಕ್ಯಾಲ್ಕುಲೇಟರಿನಂಥ ಬೂದು ಬಣ್ಣದ ಸಣ್ಣ ಸ್ಕ್ರೀನ್, ಕೆಲವೇ ಸಾಲು ಕಾಣುತ್ತದೆ. ಇಂಟರ್ನೆಟ್ ಇಲ್ಲ. ಗೋಡೆ ಗಡಿಯಾರಕ್ಕೆ ಹಾಕುವಂಥ ಮೂರು ಎಎ ಸೆಲ್ ಹಾಕಿದರೆ 700 ಗಂಟೆ ಓಡುತ್ತದೆ ಎಂಬುದು ತಯಾರಕರ ಲೆಕ್ಕ. ನಾನಂತೂ ಸೆಲ್ ಬದಲಿಸಿದ್ದು ಯಾವಾಗ ಅನ್ನುವುದನ್ನೇ ಮರೆತಿದ್ದೇನೆ. ಸ್ಕ್ರೀನಿಗೆ ಸ್ವಂತ ಬೆಳಕಿಲ್ಲ, ಬಿಸಿಲೇ ಅದರ ಬೆಳಕು. ಆನ್ ಮಾಡಿದ ಕೂಡಲೇ ಬಿಟ್ಟ ಸಾಲಿಗೇ ಹೋಗಿ ನಿಲ್ಲುತ್ತದೆ, ಸೇವ್ ಮಾಡುವ ಗೋಜೂ ಇಲ್ಲ.

ಆದರೆ ಇದರಲ್ಲಿ ಕನ್ನಡ ಇಲ್ಲ!

ಇಲ್ಲೇ ನನಗೊಂದು ಉಪಾಯ ಹೊಳೆಯಿತು. ಈ ಯಂತ್ರವನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ ‘ಸೆಂಡ್’ ಒತ್ತಿದರೆ, ಅದು ಬರೆದದ್ದನ್ನು ಫೈಲಾಗಿ ಕಳಿಸುವುದಿಲ್ಲ. ತಾನೊಂದು ಕೀಬೋರ್ಡು ಅಂತ ಹೇಳಿಕೊಂಡು ಒಂದೊಂದೇ ಅಕ್ಷರವನ್ನು ಮತ್ತೆ ಟೈಪ್ ಮಾಡುತ್ತದೆ. ಅಂದಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಆನ್ ಇದ್ದರೆ? ನಾನು ಮೊದಲಿಂದಲೂ ಕೆ.ಪಿ. ರಾವ್ ಅವರ ವಿನ್ಯಾಸದ, ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಇರುವ ಕೀಲಿಮಣೆಯಲ್ಲೇ ಟೈಪ್ ಮಾಡುವವನು, ಕೀ ನೋಡುವ ಅಭ್ಯಾಸವೇ ಇಲ್ಲ. ನಿಯೋದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಅಂತ ಒತ್ತಿದೆ (ಆ ಕೀಲಿಮಣೆಯಲ್ಲಿ ಎಫ್ ಅಂದರೆ ಒತ್ತಕ್ಷರ ಕೂಡಿಸುವ ಕೀ, ಡಬ್ಲ್ಯು ಅಂದರೆ ‘ಡ’). ಮನೆಗೆ ಬಂದು ಕಂಪ್ಯೂಟರಿನಲ್ಲಿ ಕನ್ನಡ ಆನ್ ಮಾಡಿ ಸೆಂಡ್ ಕೊಟ್ಟೆ. ‘ಕನ್ನಡ’ ಅಂತ ಬಂತು. ಆಮೇಲೆ ಒಂದು ಇಡೀ ಪುಟ ಕಣ್ಣೆದುರಿಗೇ ತಾನಾಗಿ ಮೂಡುತ್ತಾ ಹೋಯಿತು, ಯಾರೋ ಕಾಣದ ಗುಮಾಸ್ತ ಕೂತು ಹೊಡೆಯುತ್ತಿರುವ ಹಾಗೆ. ನಾನು ಕಾಫಿ ಕುಡಿಯುತ್ತಾ ನೋಡಿದೆ.

ಒಂದು ಸಲ ಕಂಪ್ಯೂಟರಿನ ಕ್ಯಾಪ್ಸ್ ಲಾಕ್ ಆನ್ ಇದ್ದದ್ದು ಗಮನಿಸದೆ ಕಳಿಸಿಬಿಟ್ಟೆ. ‘ಕ’ ಎಲ್ಲ ‘ಖ’, ‘ನ’ ಎಲ್ಲ ‘ಣ’. ಪುಟ ತುಂಬಾ ಮಹಾಪ್ರಾಣಗಳ ಜಾತ್ರೆ! ಮೂಲ ನಿಯೋದಲ್ಲೇ ಇರುತ್ತದೆ, ಹಾಗಾಗಿ ಅಳಿಸಿ ಇನ್ನೊಮ್ಮೆ ಕಳಿಸಿದರಾಯಿತು. ಈಗ ಪೂರ್ತಿ ಕಳಿಸುವ ಮೊದಲು ಒಂದು ಸಾಲು ಕಳಿಸಿ ನೋಡುತ್ತೇನೆ.

ತೊಂದರೆ ಇಲ್ಲ ಅನ್ನಲ್ಲ. ಬರೆಯುವಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಹಿಂದಿನ ಪ್ಯಾರಾ ಓದಿ ತಿದ್ದೋಣ ಅಂದರೆ ತಲೆ ಕೆಡುತ್ತದೆ. ನನಗೆ ಅದೇ ಅನುಕೂಲವಾಯಿತು, ಏಕೆಂದರೆ ತಿದ್ದುತ್ತಾ ಕೂರುವುದೇ ನನ್ನ ದೊಡ್ಡ ಚಟ. ಕೀಲಿಮಣೆ ಬಾಯಿಪಾಠ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಉಚ್ಚಾರಣೆಯಂತೆ ಇಂಗ್ಲಿಷಿನಲ್ಲಿ ಹೊಡೆದು ಕನ್ನಡ ಮಾಡಿಕೊಳ್ಳುವವರಿಗೆ ಆ ರೀತಿಯೇ ಸುಲಭವಾದೀತು, ಅವರು ಬರೆದದ್ದನ್ನು ಅಲ್ಲೇ ಓದಲೂಬಹುದು. ನಾನು ಆ ದಾರಿಯಲ್ಲಿ ಹೋಗಿಲ್ಲ.

ಹಳೇ ನಿಯೋ ಕೊಳ್ಳುವಾಗ ಮೊದಲು ಸೆಲ್ ಹಾಕುವ ಜಾಗ ತೆಗೆದು ನೋಡಿ. ಒಳಗೆ ಸೆಲ್ ಸೋರಿ ಹಸಿರು ಹಿಡಿದಿದ್ದರೆ ಬೇಡ. ಪ್ರತಿ ಕೀಯನ್ನೂ ಒತ್ತಿ ನೋಡಿ, ಶಿಫ್ಟ್ ಎರಡನ್ನೂ. ಕನ್ನಡಕ್ಕೆ ಶಿಫ್ಟ್ ಕೈಕೊಟ್ಟರೆ ದೀರ್ಘವೂ ಇಲ್ಲ, ಮಹಾಪ್ರಾಣವೂ ಇಲ್ಲ. ಕೇಬಲ್ ಕೊಡದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಪ್ರಿಂಟರಿಗೆ ಹಾಕುವ ಚೌಕ ತುದಿಯ ಕೇಬಲ್ ಸಾಕು. ತೂಕ ಒಂದು ಕಿಲೋಗಿಂತ ತುಸು ಕಡಿಮೆ, ಜೇಬಿಗೆ ಹಿಡಿಯಲ್ಲ, ಚೀಲ ಬೇಕು. ಕತ್ತಲಾದರೆ ಅಕ್ಷರ ಕಾಣುವುದಿಲ್ಲ, ನಾನು ಆ ಹೊತ್ತಿಗೆ ಎದ್ದು ಒಳಗೆ ಹೋಗಿ ಕೇಬಲ್ ಸಿಕ್ಕಿಸುತ್ತೇನೆ.