ಮೋನೆಯ ಲಿಲಾಕ್ ಗಿಡದಲ್ಲಿ ಬಿಸಿಲು ಹುಡುಕುವುದು ಹೇಗೆ?

ಇಂಪ್ರೆಷನಿಸ್ಟ್ ಚಿತ್ರದ, ಅಂದರೆ ವಸ್ತುವಿನ ವಿವರಕ್ಕಿಂತ ಆ ಕ್ಷಣದ ಬೆಳಕನ್ನು ಹಿಡಿಯಲು ಹೊರಟ 19ನೇ ಶತಮಾನದ ಫ್ರೆಂಚ್ ಶೈಲಿಯ ಚಿತ್ರದ, ಮುಂದೆ ನಿಂತವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, ‘ಚೆನ್ನಾಗಿದೆ’. ಇನ್ನೊಂದು, ‘ಏನೂ ಸರಿಯಾಗಿ ಕಾಣ್ತಾನೇ ಇಲ್ವಲ್ಲ’. ನನಗೆ ಎರಡನೆಯವರೇ ಜಾಸ್ತಿ ಇಷ್ಟ. ಅವರು ಆಗಲೇ ನೋಡಲು ಶುರು ಮಾಡಿದ್ದಾರೆ.

ಈ ಶೈಲಿಯ ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆ 1872ರ ಸುಮಾರಿಗೆ ಬಿಡಿಸಿದ ಎರಡು ಚಿತ್ರಗಳನ್ನು ಕಂಪ್ಯೂಟರ್‌ನಲ್ಲೋ ಮೊಬೈಲ್‌ನಲ್ಲೋ ಪಕ್ಕಪಕ್ಕ ತೆರೆದಿಟ್ಟುಕೊಳ್ಳಿ. ಒಂದು ‘ಲಿಲಾಕ್, ಮೋಡದ ದಿನ’. ಇದು ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಇನ್ನೊಂದು ‘ಬಿಸಿಲಿನಲ್ಲಿ ಲಿಲಾಕ್’. ಇದು ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿದೆ. ಎರಡೂ ಚಿಕ್ಕವೇ, ಸುಮಾರು 50 ಸೆಂ.ಮೀ. ಎತ್ತರ, 65 ಸೆಂ.ಮೀ. ಅಗಲ. ಪ್ಯಾರಿಸ್ ಹತ್ತಿರದ ಅರ್ಜಾಂತೈ ಎಂಬ ಊರಿನಲ್ಲಿ ಮೋನೆ ಬಾಡಿಗೆಗೆ ಹಿಡಿದಿದ್ದ ಮನೆಯ ತೋಟ ಅದು. ಹೂಬಿಟ್ಟ ಲಿಲಾಕ್, ಕೆಳಗೆ ಹುಲ್ಲಿನ ಮೇಲೆ ಆರಾಮಾಗಿ ಕೂತ ಜನ. ಬದಲಾಗಿರುವುದು ಮುಖ್ಯವಾಗಿ ಹವಾಮಾನ.

ಲಿಲಾಕ್ ನೋಡದವರಿಗೆ ಒಂದು ಮಾತು. ಅದು ಚಳಿ ದೇಶದ ಗಿಡ. ಚಳಿಗಾಲ ಮುಗಿದ ಮೇಲೆ ಕೆಲವೇ ವಾರ ಗೊಂಚಲು ಗೊಂಚಲಾಗಿ ಅರಳುತ್ತದೆ. ಬೆಂಗಳೂರಿನ ಜಕರಂದಾದ ತಿಳಿನೇರಳೆ ನೆನಪಿಸಿಕೊಂಡರೆ ಬಣ್ಣ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ.

ಮೊದಲು, ಒಳಾರ್ಥ ಹುಡುಕುವುದನ್ನು ಬಿಡಿ

17ನೇ ಶತಮಾನದ ಡಚ್ ಹೂವಿನ ಚಿತ್ರಗಳಲ್ಲಿ ಒಳಾರ್ಥ ಇರುತ್ತಿತ್ತು. ಬೇರೆ ಬೇರೆ ತಿಂಗಳಲ್ಲಿ ಅರಳುವ ಹೂಗಳನ್ನು ಒಂದೇ ಹೂದಾನಿಯಲ್ಲಿ ತುಂಬುತ್ತಿದ್ದರು. ಉದುರಿದ ಎಸಳು, ಎಲೆ ತಿನ್ನುವ ಹುಳ, ಎಲ್ಲವೂ ‘ಬದುಕು ನಾಲ್ಕು ದಿನದ್ದು’ ಎಂದು ಹೇಳುತ್ತಿದ್ದವು. ಮೋನೆಯ ಲಿಲಾಕ್ ಹಾಗೆ ಏನನ್ನೂ ಬೋಧಿಸುವುದಿಲ್ಲ. ಆದ್ದರಿಂದ ‘ಈ ಹೂ ಏನನ್ನು ಸೂಚಿಸುತ್ತದೆ?’ ಎಂದು ಕೇಳಬೇಡಿ. ‘ಇದು ಎಂಥ ಬೆಳಕು, ಎಷ್ಟು ಹೊತ್ತಿನದು?’ ಎಂದು ಕೇಳಿ. ಈ ಒಂದು ಪ್ರಶ್ನೆ ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಚಿತ್ರವನ್ನು ಚಿಕ್ಕದು ಮಾಡಿ ನೋಡಿ

ಪರದೆಯ ಮೇಲೆ ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಸಣ್ಣದು ಮಾಡಿ. ಮ್ಯೂಸಿಯಂನಲ್ಲಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಅರೆಮುಚ್ಚಿ. ಎಲ್ಲಿ ಹೆಚ್ಚು ಬೆಳಕು, ಎಲ್ಲಿ ಕತ್ತಲು ಎಂಬುದಷ್ಟೇ ಉಳಿಯುತ್ತದೆ. ಮೋಡದ ದಿನದ ಚಿತ್ರದಲ್ಲಿ ಬೆಳಕು ಎಲ್ಲ ಕಡೆ ಸಮನಾಗಿ ಹರಡಿದೆ. ಗಿಡ ಗಿಡವಾಗಿ, ಮನುಷ್ಯರು ಮನುಷ್ಯರಾಗಿ ಕಾಣುತ್ತಾರೆ. ಬಿಸಿಲಿನ ಚಿತ್ರದಲ್ಲಿ ಬೆಳಕು ಚೂರುಚೂರಾಗಿದೆ. ಕೂತವರು ಆ ಚೂರುಗಳಲ್ಲೇ ಕರಗಿಹೋಗಿದ್ದಾರೆ. ಬಿಸಿಲು ಜಾಸ್ತಿ ಆದರೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕು ಅಲ್ವಾ? ಇಲ್ಲಿ ಉಲ್ಟಾ. ‘ಸರಿಯಾಗಿ ಕಾಣ್ತಿಲ್ಲ’ ಎಂದವರಿಗೆ ಇಲ್ಲೇ ಉತ್ತರ ಇದೆ.

ಆಮೇಲೆ ನೆರಳಿಗೆ ಬನ್ನಿ

ಹೂವಿನ ಮೇಲೆ ಎಷ್ಟು ಹೊತ್ತು ಕಣ್ಣಿಡುತ್ತೀರೋ ನೆರಳಿನ ಮೇಲೆ ಅದರ ಎರಡರಷ್ಟು ಹೊತ್ತು ಇಡಿ. ಹಳೆಯ ಪಾಠದಲ್ಲಿ ನೆರಳು ಎಂದರೆ ಕಂದು, ಕಪ್ಪು. ಮೋನೆ ಮತ್ತವನ ಗೆಳೆಯರು ನೆರಳಿಗೆ ನೀಲಿ, ನೇರಳೆ ಹಚ್ಚಿದರು. ಅದು ಸುಮ್ನೆ ಚೆಂದಕ್ಕಲ್ಲ. ಬಯಲಿನ ನೆರಳಿಗೆ ಸೂರ್ಯನ ಬೆಳಕು ನೇರವಾಗಿ ಬೀಳದಿದ್ದರೂ ನೀಲಿ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ. ಜೊತೆಗೆ, ಹಳದಿ ಬಿಸಿಲಿನ ಪಕ್ಕದ ಬೂದು ಜಾಗ ಕಣ್ಣಿಗೆ ನೇರಳೆಯತ್ತ ವಾಲಿದಂತೆ ಕಾಣುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೀಗೆ ಬದಲಿಸುತ್ತವೆ ಎಂದು ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲೇ ಬರೆದಿದ್ದ.

ನಂಬಿಕೆ ಬರದಿದ್ದರೆ ಬಿಸಿಲಿರುವ ದಿನ ಹೊಂಗೆ ಮರದ ಕೆಳಗೆ ಒಂದು ಬಿಳಿ ಹಾಳೆ ಹಾಸಿ ನೋಡಿ. ನೆರಳು ಬಿದ್ದ ಜಾಗ ಕಪ್ಪಗಿರುವುದಿಲ್ಲ. ಇನ್ನೂ ಒಂದು ವಿಷಯ ಕಾಣುತ್ತದೆ. ಎಲೆಗಳ ಸಂದು ಹೇಗೆ ಬೇಕಾದರೂ ಇರಲಿ, ಹಾಳೆಯ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳು ಬಹುಪಾಲು ದುಂಡಗಿರುತ್ತವೆ. ಒಂದೊಂದು ಚುಕ್ಕೆಯೂ ಸೂರ್ಯನದೇ ಬಿಂಬ.

ಈಗ ಹತ್ತಿರ ಹೋಗಿ

ಇದಕ್ಕೆ ಮೂರನೆಯ ಚಿತ್ರ ಬೇಕು. ಅದೇ ಹೊತ್ತಿಗೆ ಬಿಡಿಸಿದ ‘ವಸಂತಕಾಲ’, ಅಮೆರಿಕದ ಬಾಲ್ಟಿಮೋರ್‌ನ ವಾಲ್ಟರ್ಸ್ ಆರ್ಟ್ ಮ್ಯೂಸಿಯಂನಲ್ಲಿದೆ. ಮೋನೆಯ ಹೆಂಡತಿ ಕಮೀಯ್ ಮರದ ನೆರಳಲ್ಲಿ ಕೂತು ಓದುತ್ತಿದ್ದಾಳೆ. ಹುಲ್ಲಿನ ಮೇಲೆ ಅಗಲವಾಗಿ ಹರಡಿದ ಅವಳ ತಿಳಿಗುಲಾಬಿ ಉಡುಪನ್ನು ದೊಡ್ಡದು ಮಾಡಿ ನೋಡಿ. ಅಲ್ಲಲ್ಲಿ ಬಿಳಿ ಬಣ್ಣದ ತೇಪೆಗಳಿವೆ. ತೀಡಿಲ್ಲ, ಪಕ್ಕದ ಬಣ್ಣಕ್ಕೆ ಬೆರೆಸಿಲ್ಲ. ಕುಂಚ ಇಟ್ಟು ಎತ್ತಿದ್ದಾನೆ, ಅಷ್ಟೇ. ಹತ್ತಿರದಿಂದ ಬರೀ ಬಣ್ಣದ ಮುದ್ದೆ, ದೂರದಿಂದ ಎಲೆಗಳ ಮಧ್ಯದಿಂದ ಇಳಿದ ಬಿಸಿಲು. ಹೊಂಗೆ ಮರದ ಕೆಳಗಿನ ಹಾಳೆ ನೋಡಿದವರಿಗೆ ಈ ತೇಪೆಗಳ ಗುರುತು ಸಿಗದೇ ಇರದು.

ಲಿಲಾಕ್ ಚಿತ್ರಗಳಲ್ಲೂ ಹೀಗೇ. ಎಸಳು ಎಣಿಸಲು ಹೋದರೆ ಒಂದೂ ಸಿಗುವುದಿಲ್ಲ.

ಮನುಷ್ಯರನ್ನು ಕೊನೆಗೆ ನೋಡಿ

‘ಇವಳು ಏನು ಯೋಚಿಸುತ್ತಿದ್ದಾಳೆ?’ ಎಂಬಲ್ಲಿಂದಲೇ ಕೆಲವರು ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಅಡ್ಡದಾರಿ. ‘ವಸಂತಕಾಲ’ವನ್ನು 1876ರ ಎರಡನೇ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ತೂಗುಹಾಕಿದಾಗ ಅದರ ಹೆಸರು ಬರೀ ‘ಓದುತ್ತಿರುವ ಹೆಂಗಸು’. ಹೆಂಡತಿಯ ಹೆಸರು ಹೇಳುವ ಅಗತ್ಯವೇ ಮೋನೆಗೆ ಕಂಡಿಲ್ಲ. ಬಿಸಿಲು ಬೀಳಲು ಅವನಿಗೊಂದು ತೆಳು ಬಟ್ಟೆ ಬೇಕಿತ್ತು, ಅದು ಸಿಕ್ಕಿತ್ತು.

ಇಸವಿ, ಊರು, ಚರಿತ್ರೆ

ಇವನ್ನು ಕಣ್ಣಿನ ಕೆಲಸ ಮುಗಿದ ಮೇಲೆ ಓದಿ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾದಾಗ ಮೋನೆ ಲಂಡನ್‌ಗೆ ಹೋದ. ಅಲ್ಲಿಂದ ಹಾಲೆಂಡ್ ಸುತ್ತಿ 1871ರ ಕೊನೆಗೆ ಅರ್ಜಾಂತೈ ಸೇರಿದ. ಹಾಗಾಗಿ ಈ ತೋಟದಲ್ಲಿ ಯುದ್ಧ ಮುಗಿದ ಮೇಲಿನ ನೆಮ್ಮದಿ ಕಾಣುವವರಿದ್ದಾರೆ. ಇರಬಹುದು. ಆದರೆ ಅದು ಇಸವಿ ಗೊತ್ತಿದ್ದರೆ ಮಾತ್ರ ಬರುವ ಅರ್ಥ, ಬಣ್ಣದಲ್ಲಿ ಇಲ್ಲ. ಇನ್ನೊಂದು ಸಂಗತಿ ಚಿತ್ರಕ್ಕೆ ಹೆಚ್ಚು ಹತ್ತಿರದ್ದು. ಬಣ್ಣ ತುಂಬುವ ತವರದ ಟ್ಯೂಬಿಗೆ 1841ರಲ್ಲಿ ಪೇಟೆಂಟ್ ಸಿಕ್ಕಿತ್ತು. ಟ್ಯೂಬ್ ಬಂದಮೇಲೆ ಬಣ್ಣ ಹೊತ್ತುಕೊಂಡು ಗಿಡದ ಎದುರಿಗೇ ಕೂತು ಕೆಲಸ ಮಾಡುವುದು ಸುಲಭವಾಯಿತು. ಬಿಸಿಲು ಸರಿಯುವ ಮೊದಲು ಬೇಗ ಬೇಗ ಹಚ್ಚಬೇಕು. ಆ ಅವಸರ ಕುಂಚದ ಗುರುತಿನಲ್ಲೇ ಇದೆ.

ಈ ಕ್ರಮ ಕೈಹತ್ತಿದ ಮೇಲೆ ಬೇರೆ ಕಡೆ ಪ್ರಯೋಗಿಸಿ. ಇನ್ನೊಬ್ಬ ಇಂಪ್ರೆಷನಿಸ್ಟ್ ಚಿತ್ರಕಾರ ಕಮೀಯ್ ಪಿಸ್ಸಾರೋ 1872ರಲ್ಲಿ ಬಿಡಿಸಿದ ‘ಹೂಬಿಟ್ಟ ಹಣ್ಣಿನ ತೋಟ, ಲೂವ್ಸಿಯೆನ್’ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲೂ ವಸಂತ, ಅಲ್ಲೂ ಮರದ ತುಂಬ ಹೂ. ಆದರೆ ಮರದ ಕೆಳಗೆ ಯಾರೂ ಪುಸ್ತಕ ಹಿಡಿದು ಕೂತಿಲ್ಲ. ಅಗೆದ ಮಣ್ಣಿದೆ, ದುಡಿಯುವ ಜನ ಇದ್ದಾರೆ. ಅಲ್ಲೂ ನೆರಳಿನಿಂದಲೇ ಶುರು ಮಾಡಿ, ಹೂವಿಗೆ ಆಮೇಲೆ ಬನ್ನಿ.