ಫ್ರಾನ್ಸಿನಲ್ಲಿ ಊಟ ಕೇಳಲು ಇಷ್ಟು ಫ್ರೆಂಚ್ ಸಾಕು

ಫ್ರಾನ್ಸಿಗೆ ಹೊರಟವರು ಇಡೀ ವ್ಯಾಕರಣ ಕಲಿಯಬೇಕಿಲ್ಲ. ರೆಸ್ಟೋರೆಂಟ್ ಬಾಗಿಲು ದಾಟಿದಾಗಿನಿಂದ ಬಿಲ್ ಕೊಡುವವರೆಗೆ ಬೇಕಾಗುವ ಏಳೆಂಟು ಮಾತುಗಳನ್ನು ಅದೇ ಕ್ರಮದಲ್ಲಿ ಬಾಯಿಪಾಠ ಮಾಡಿ. ಇಲ್ಲಿ ‘ಝ’ ಎಂದು ಬರೆದಲ್ಲೆಲ್ಲ ‘ಪ್ಲೆಷರ್’ ಎನ್ನುವಾಗ ನಡುವೆ ಬರುವ ಸದ್ದು ಹೊರಡಲಿ. ‘ಓಂ’, ‘ಆಂ’ ಇದ್ದಲ್ಲಿ ತುಟಿ ಮುಚ್ಚದೆ ಮೂಗಿನಿಂದ ಹೇಳಿ.

1. ನಮಸ್ಕಾರ ಮೊದಲು

ಒಳಗೆ ಕಾಲಿಟ್ಟ ಕೂಡಲೇ ‘ಬೋಂಝೂರ್’. ಸಂಜೆಯಾದರೆ ‘ಬೋಂಸ್ವಾರ್’. ಇದನ್ನು ಬಿಟ್ಟು ನೇರ ವಿಷಯಕ್ಕೆ ಬಂದರೆ ಅಲ್ಲಿನವರಿಗೆ ಒರಟು ಅನ್ನಿಸುತ್ತದೆ. ಆಮೇಲೆ ‘ಯೂನ್ ತಾಬ್ಲ್ ಪೂರ್ ದೆ, ಸಿಲ್ ವೂ ಪ್ಲೇ’, ಅಂದರೆ ದಯವಿಟ್ಟು ಇಬ್ಬರಿಗೆ ಒಂದು ಟೇಬಲ್ ಕೊಡಿ. ಆ ‘ದೆ’ ಹೇಳುವಾಗ ತುಟಿ ಗುಂಡಗಿರಲಿ. ಮಧ್ಯಾಹ್ನ 2ರ ನಂತರ ಅಡುಗೆಮನೆ ಮುಚ್ಚುವ ಜಾಗಗಳು ಬಹಳ. ಹಾಗಾಗಿ 12ರಿಂದ 1:30ರ ಒಳಗೆ ಹೋಗಿಬಿಡಿ.

2. ಪಟ್ಟಿ ಓದುವುದು

ತಿನಿಸುಗಳ ಪಟ್ಟಿಗೆ ‘ಲಾ ಕಾರ್ತ್’ ಎನ್ನುತ್ತಾರೆ. ‘ಮೆನ್ಯೂ’ ಎಂದು ಕೇಳಿದರೆ ನಿಗದಿತ ಬೆಲೆಯ ಪೂರ್ತಿ ಊಟ ಎಂದುಕೊಳ್ಳಬಹುದು. ‘ಆಂತ್ರೆ’ ಮೊದಲ ತಟ್ಟೆ, ‘ಪ್ಲಾ’ ಮುಖ್ಯ ಊಟ, ‘ದೆಸೇರ್’ ಸಿಹಿ. ‘ಪ್ಲಾ ದ್ಯೂ ಝೂರ್’ ಅಂದರೆ ಆ ದಿನದ ವಿಶೇಷ. ಬೇಕಾದ್ದನ್ನು ಕೇಳಲು ‘ಝ ವೂದ್ರೇ’ ಎಂದು ಶುರುಮಾಡಿ, ತಿನಿಸಿನ ಹೆಸರು ಸೇರಿಸಿ.

3. ಸಸ್ಯಾಹಾರಿಗಳೇ, ಇಲ್ಲಿ ನಿಧಾನಿಸಿ

ಗಂಡಸರು ‘ಝ ಸ್ವಿ ವೆಝೆತಾರ್ಯಾಂ’, ಹೆಂಗಸರು ‘ವೆಝೆತಾರ್ಯೆನ್’ ಎನ್ನಬೇಕು. ಅಷ್ಟಕ್ಕೇ ಬಿಡಬೇಡಿ. ‘ಸಾಂ ವ್ಯಾಂದ್’ (ಮಾಂಸ ಬೇಡ), ‘ಸಾಂ ಪ್ವಾಸೋಂ’ (ಮೀನು ಬೇಡ), ‘ಸಾಂ ಎಫ್’ (ಮೊಟ್ಟೆ ಬೇಡ) ಎಂದು ಬಿಡಿಸಿ ಹೇಳಿ. ಸಲಾಡ್ ಅಂದರೆ ಬರೀ ಸೊಪ್ಪು ಎಂದು ನಂಬಬೇಡಿ, ಅದರಲ್ಲಿ ‘ಲಾರ್ದೋಂ’ ಎಂಬ ಹಂದಿಮಾಂಸದ ಚೂರು ಇರಬಹುದು. ಮೊಟ್ಟೆ, ಕೆನೆ ತುಂಬಿ ಬೇಯಿಸುವ ಕೀಶ್ ಲೊರೇನ್‌ನಲ್ಲೂ ಅದೇ. ಈರುಳ್ಳಿ ಸೂಪನ್ನು ಹೆಚ್ಚಾಗಿ ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ‘ಝಾಂಬೋಂ’ ಕೂಡ ಹಂದಿಯದೇ. ಕೋಂತೆ, ರೋಕ್‌ಫೋರ್‌ನಂಥ ಹಳೆಯ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲೇಬೇಕು, ಅಲ್ವಾ?

ಬದನೆ, ಟೊಮೆಟೊ ಬೇಯಿಸಿದ ರಾತಾತೂಯ್ ಒಳ್ಳೆಯ ಆಯ್ಕೆ. ತೆಳು ದೋಸೆಯಂಥ ಕ್ರೆಪ್ ಮಾಡುವ ಅಂಗಡಿ ಸಿಕ್ಕರೆ ಇನ್ನೂ ಸುಲಭ. ಚೀಸ್ ಮತ್ತು ಅಣಬೆ ತುಂಬಿದ ಗಾಲೆತ್ (ಸಿಹಿಯಿಲ್ಲದ ಕ್ರೆಪ್) ಕೇಳಿ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಎಂದು ಮಾತ್ರ ವಿಚಾರಿಸಿ.

4. ನೀರು ಮತ್ತು ಬಿಲ್

ಸುಮ್ನೆ ‘ನೀರು’ ಎಂದರೆ ದುಡ್ಡಿನ ಬಾಟಲಿ ಬರಬಹುದು. ‘ಯೂನ್ ಕರಾಫ್ ದೋ’ (ಒಂದು ಹೂಜಿ ನೀರು) ಎನ್ನಿ. ಊಟದ ಜೊತೆ ನಲ್ಲಿ ನೀರನ್ನು ಪುಕ್ಕಟೆ ಕೊಡುವುದು ಅಲ್ಲಿನ ಕಾನೂನು. ಸಾಮಾನ್ಯವಾಗಿ ಬ್ರೆಡ್ಡಿಗೂ ಬೇರೆ ಬೆಲೆ ಇರುವುದಿಲ್ಲ.

ಮಾಣಿಯನ್ನು ‘ಗಾರ್ಸೋಂ’ (ಹುಡುಗ) ಎಂದು ಕೂಗಬೇಡಿ. ‘ಮಸ್ಯ’ ಅಥವಾ ‘ಮದಾಂ’ ಸಾಕು. ನೀವಾಗಿ ಕೇಳುವ ತನಕ ಬಿಲ್ ತರುವುದಿಲ್ಲ. ಕುಳಿತವರನ್ನು ಎಬ್ಬಿಸಬಾರದು ಎಂಬ ಮರ್ಯಾದೆ ಅದು. ಮುಗಿದ ಮೇಲೆ ‘ಲಾದಿಸ್ಯೋಂ, ಸಿಲ್ ವೂ ಪ್ಲೇ’ ಎನ್ನಿ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿರುತ್ತದೆ. ಊಟ ಹಿಡಿಸಿದರೆ ಒಂದೆರಡು ಯೂರೋ ಮೇಜಿನ ಮೇಲಿಟ್ಟು, ‘ಮೆರ್ಸಿ, ಓ ರವ್ವಾರ್’ (ಧನ್ಯವಾದ, ಹೋಗಿಬರುತ್ತೇನೆ) ಎಂದು ಹೊರಡಿ.